ದೀಪದ ನೆರಳು, ದೇಹದ ನೆರಳು: ಪಶ್ಚಿಮ ಬೆಂಗಳೂರಿನ ದೇಹದಾರ್ಢ್ಯ ವೇದಿಕೆಗಳ ಛಾಯಾಚಿತ್ರ ಕುರಿತು ಒಂದು ಸಂಶೋಧನಾ ಟಿಪ್ಪಣಿ

1. ವ್ಯಾಪ್ತಿ

ದೇಹದಾರ್ಢ್ಯ ಸ್ಪರ್ಧೆಯ ಛಾಯಾಚಿತ್ರಕ್ಕೆ ಎರಡು ಉಪಯೋಗಗಳಿವೆ. ಮೊದಲನೆಯದು ನೆನಪು ಮತ್ತು ಪ್ರಚಾರ. ಎರಡನೆಯದು ಹೋಲಿಕೆ: ಇಬ್ಬರಲ್ಲಿ ಯಾರ ಸ್ನಾಯು ಹೆಚ್ಚು ಬಿಡಿಬಿಡಿಯಾಗಿ ಎದ್ದು ಕಾಣುತ್ತದೆ, ಒಬ್ಬ ಸ್ಪರ್ಧಿ ಹೋದ ವರ್ಷಕ್ಕಿಂತ ಈ ವರ್ಷ ಎಷ್ಟು ಮುಂದೆ ಬಂದಿದ್ದಾರೆ, ಹಳೆಯ ತಲೆಮಾರಿನವರ ಮೈಕಟ್ಟಿಗೂ ಈಗಿನವರ ಮೈಕಟ್ಟಿಗೂ ಏನು ವ್ಯತ್ಯಾಸ ಎಂಬಂಥ ಪ್ರಶ್ನೆಗಳಿಗೆ ಚಿತ್ರವನ್ನೇ ಸಾಕ್ಷಿಯಾಗಿ ಮುಂದಿಡುವುದು. ಈ ಟಿಪ್ಪಣಿ ಎರಡನೆಯ ಉಪಯೋಗಕ್ಕೆ ಸೀಮಿತ.

ಜಿಮ್‌ಗಳಲ್ಲಿ 'ಕಟ್ಸ್' ಎನ್ನುವುದು ಛಾಯಾಚಿತ್ರದಲ್ಲಿ ನೆರಳಿನ ಗೆರೆಯಾಗಿ ಮೂಡುತ್ತದೆ. ಆ ಗೆರೆಯ ಉದ್ದ ಮತ್ತು ಗಾಢತೆಗೆ ಸ್ನಾಯು ಒಂದು ಕಾರಣ, ದೀಪ ಇನ್ನೊಂದು. ಎರಡನ್ನೂ ಬೇರ್ಪಡಿಸಲು ಬೇಕಾದ ಮಾಹಿತಿ ಚಿತ್ರದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ ಎಂಬುದು ಇಲ್ಲಿಯ ಪ್ರತಿಪಾದನೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಭಾಗದಲ್ಲಿ ಬಳಕೆಯಲ್ಲಿರುವ ವೇದಿಕೆ ಮಾದರಿಗಳನ್ನು ಗಮನದಲ್ಲಿಟ್ಟುಕೊಳ್ಳಲಾಗಿದೆ. ಲೆಕ್ಕಗಳೆಲ್ಲ ಮಾದರಿ ಲೆಕ್ಕಗಳು. ಯಾವುದೇ ಒಂದು ನಿರ್ದಿಷ್ಟ ಸ್ಪರ್ಧೆಯ ಅಳತೆಗಳಲ್ಲ.

2. ಪೂರ್ವಸಾಮಗ್ರಿ: ಸ್ಟುಡಿಯೊ ಚಿತ್ರ ಮತ್ತು ವೇದಿಕೆ ಚಿತ್ರ

2.1. ವೇದಿಕೆಯ ಮೇಲೆ ಮೈಕಟ್ಟನ್ನು ಸ್ಪರ್ಧೆಗಿಟ್ಟ ಆರಂಭಿಕ ಘಟನೆಗಳಲ್ಲಿ ಹೆಚ್ಚು ಉಲ್ಲೇಖಗೊಳ್ಳುವುದು ಯೂಜೆನ್ ಸ್ಯಾಂಡೋ 1901ರ ಸೆಪ್ಟೆಂಬರ್ 14ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆಸಿದ ಸ್ಪರ್ಧೆ. ತೀರ್ಪುಗಾರರಲ್ಲಿ ಆರ್ಥರ್ ಕಾನನ್ ಡಾಯ್ಲ್ ಒಬ್ಬರು. ಇನ್ನು ವೇದಿಕೆಯ ಬೆಳಕಿನ ಮಾತಿಗೆ ಬಂದರೆ, ಬೆಂಗಳೂರಿನಲ್ಲಿ ವಿದ್ಯುತ್ ಬೀದಿದೀಪ ಬೆಳಗಿದ್ದು 1905ರ ಆಗಸ್ಟ್ 5ರಂದು. ಹಾಗಾಗಿ ಈ ಊರಿನಲ್ಲಿ ವಿದ್ಯುತ್ ಬೆಳಕಿನಡಿ ಮೈಕಟ್ಟಿನ ಪ್ರದರ್ಶನ ನಡೆದಿದ್ದರೆ ಅದು ಆ ದಿನಾಂಕದ ನಂತರದ್ದು ಎಂದು ಇಟ್ಟುಕೊಳ್ಳುವುದು ಸುರಕ್ಷಿತ.

2.2. ಬೆಂಗಳೂರಿನ ಮೈಕಟ್ಟಿನ ಛಾಯಾಚಿತ್ರಕ್ಕೆ ಮುಖ್ಯ ಮುದ್ರಿತ ಆಕರ ಕೆ.ವಿ. ಅಯ್ಯರ್ ಅವರ ಪುಸ್ತಕಗಳು: 'ಮಸಲ್ ಕಲ್ಟ್' 1930, 'ಪರ್ಫೆಕ್ಟ್ ಫಿಸಿಕ್' 1936, 'ಸೂರ್ಯ ನಮಸ್ಕಾರ್' 1937. ಹರ್ಕ್ಯುಲಿಸ್ ಜಿಮ್ನಾಸಿಯಂ ಹಾಗೂ ಜೆ.ಸಿ. ರಸ್ತೆಯ ವ್ಯಾಯಾಮಶಾಲೆಯ ಮೂಲಕ ಹೆಸರಾದ ಅಯ್ಯರ್ ಕನ್ನಡ ಓದುಗರಿಗೆ 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃವಾಗಿ ಹೆಚ್ಚು ಪರಿಚಿತರು. 'ರೂಪದರ್ಶಿ'ಯಲ್ಲಿ ಒಬ್ಬನೇ ವ್ಯಕ್ತಿ ಚಿತ್ರಕಾರನಿಗೆ ಎರಡು ವಿರುದ್ಧ ರೂಪಗಳಿಗೆ ಮಾದರಿಯಾಗುತ್ತಾನೆ. ಕಾದಂಬರಿಯಾದ್ದರಿಂದ ಅದನ್ನು ಇಲ್ಲಿ ಸಾಕ್ಷ್ಯವಾಗಿ ತೆಗೆದುಕೊಂಡಿಲ್ಲ.

2.3. ಈ ಆಕರದ ಬಗ್ಗೆ ಎರಡು ಎಚ್ಚರಿಕೆಗಳು. ಒಂದು, ಅಯ್ಯರ್ ಅವರ ಜನ್ಮವರ್ಷ ಕೆಲವು ಕಡೆ 1897, ಕೆಲವು ಕಡೆ 1898 ಎಂದಿದೆ. ನಿಧನದ ವರ್ಷ 1980. 1930ರ ಪುಸ್ತಕದ ಚಿತ್ರಕ್ಕೆ ವಯಸ್ಸಿನ ಅಡಿಬರಹ ಕೊಡುವವರು ಯಾವ ಜನ್ಮವರ್ಷವನ್ನು ಅನುಸರಿಸಿದ್ದಾರೆ ಎಂದು ಹೇಳದಿದ್ದರೆ ಅಲ್ಲೇ ಒಂದು ವರ್ಷದ ದೋಷ ಸೇರಿಕೊಳ್ಳುತ್ತದೆ. ಎರಡು, ಪುಸ್ತಕದ ಪ್ರಕಟಣೆಯ ವರ್ಷ ಚಿತ್ರ ತೆಗೆದ ವರ್ಷವಲ್ಲ. ಚಿತ್ರ ಆ ವರ್ಷಕ್ಕಿಂತ ಈಚಿನದಲ್ಲ ಎಂಬುದನ್ನಷ್ಟೇ ಅದು ಹೇಳುತ್ತದೆ.

2.4. ಅಯ್ಯರ್ ಅವರ ಪ್ರಸಿದ್ಧ ಚಿತ್ರಗಳಲ್ಲಿ ಗ್ರೀಕ್ ಶಿಲ್ಪಗಳ ನಿಲುವಿನ ಛಾಯೆ ಸ್ಪಷ್ಟ. ಅವು ಸ್ಟುಡಿಯೊ ಪದ್ಧತಿಯ ಚಿತ್ರಗಳು: ದೇಹ ನಿಂತ ಮೇಲೆ ದೀಪವನ್ನು ಅದಕ್ಕೆ ತಕ್ಕಂತೆ ಸರಿಸಬಹುದು. ಸ್ಪರ್ಧೆಯ ವೇದಿಕೆಯಲ್ಲಿ ಕ್ರಮ ತಿರುಗುಮುರುಗು. ದೀಪ ಮೊದಲೇ ಕಟ್ಟಿರುತ್ತದೆ. ದೇಹ ಬಂದು ಅದರ ಕೆಳಗೆ ನಿಲ್ಲುತ್ತದೆ. ಛಾಯಾಗ್ರಾಹಕನ ಕೈಯಲ್ಲಿ ಉಳಿಯುವುದು ಜಾಗ, ಕ್ಷಣ ಮತ್ತು ಕ್ಯಾಮೆರಾದ ಹೊಂದಾಣಿಕೆ ಮಾತ್ರ. ಜೊತೆಗೆ ಅಯ್ಯರ್ ಅವರ ಕಾಲದಲ್ಲಿ ಆರ್ಥೋಕ್ರೊಮ್ಯಾಟಿಕ್, ಪ್ಯಾನ್‌ಕ್ರೊಮ್ಯಾಟಿಕ್ ಎಂಬ ಎರಡೂ ಬಗೆಯ ಎಮಲ್ಷನ್‌ಗಳು ಬಳಕೆಯಲ್ಲಿದ್ದವು. ಮೊದಲನೆಯದು ಕೆಂಪಿಗೆ ಸ್ಪಂದಿಸುವುದಿಲ್ಲವಾದ್ದರಿಂದ ಕಂದು ಚರ್ಮವನ್ನು ಇದ್ದುದಕ್ಕಿಂತ ಗಾಢವಾಗಿ ತೋರಿಸುತ್ತದೆ. ಈ ಕಾರಣಗಳಿಂದ 1930ರ ದಶಕದ ಸ್ಟುಡಿಯೊ ಚಿತ್ರದ ಪಕ್ಕದಲ್ಲಿ ಇಂದಿನ ವೇದಿಕೆ ಚಿತ್ರವನ್ನಿಟ್ಟು 'ಅಂದು–ಇಂದು' ಎಂದು ತೀರ್ಮಾನಿಸುವುದು ಸಮಂಜಸವೆನಿಸುವುದಿಲ್ಲ.

    

3. ಎರಡು ಬಗೆಯ ವೇದಿಕೆ

3.1. ಪಶ್ಚಿಮ ಬೆಂಗಳೂರಿನಲ್ಲಿ ಇಂಥ ಕಾರ್ಯಕ್ರಮಕ್ಕೆ ಒದಗುವ ಜಾಗಗಳನ್ನು ಬೆಳಕಿನ ದೃಷ್ಟಿಯಿಂದ ಎರಡಾಗಿ ವಿಂಗಡಿಸಬಹುದು. ಒಂದು, ಬಸವೇಶ್ವರನಗರದ ಕೆಇಎ ಪ್ರಭಾತ್ ರಂಗಮಂದಿರದಂಥ, ನಾಟಕ ಮತ್ತು ನೃತ್ಯಕ್ಕೆ ಒಗ್ಗುವ ಸಭಾಂಗಣ. ಇನ್ನೊಂದು, ಮೈದಾನದಲ್ಲೋ ರಸ್ತೆಯ ತುದಿಯಲ್ಲೋ ರಾಜ್ಯೋತ್ಸವ, ಗಣೇಶೋತ್ಸವದ ಸಂದರ್ಭಗಳಲ್ಲಿ ಕಟ್ಟುವ ತಾತ್ಕಾಲಿಕ ವೇದಿಕೆ. ಕಲ್ಯಾಣ ಮಂಟಪಗಳು ಇವೆರಡರ ನಡುವೆ ಬರುತ್ತವೆ: ಕಟ್ಟಡ ಕಾಯಂ, ದೀಪ ಬಾಡಿಗೆಯದು.

3.2. ರಂಗಬೆಳಕಿನ ಪಾಠಪದ್ಧತಿಯಲ್ಲಿ ಸ್ಟಾನ್ಲಿ ಮೆಕ್‌ಕ್ಯಾಂಡ್ಲೆಸ್ 1932ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಆಧಾರವಾಗಿದೆ. ನಟನ ಮುಂದಿನಿಂದ, ಎರಡೂ ಬದಿಗಳಿಂದ, ಸುಮಾರು 45 ಡಿಗ್ರಿ ಎತ್ತರದಿಂದ ಬೆಳಕು ಬೀಳಬೇಕು ಎಂಬುದು ಅದರ ಸಾರ. ಮುಖ ಓದಿಸಿಕೊಳ್ಳಬೇಕು, ಕಣ್ಣಿನ ಗುಳಿ ಕಪ್ಪಾಗಬಾರದು ಎಂಬುದು ಅಲ್ಲಿಯ ಉದ್ದೇಶ. ದೇಹದಾರ್ಢ್ಯ ಸ್ಪರ್ಧೆಯ ಅಗತ್ಯ ಇದಕ್ಕೆ ಹೆಚ್ಚುಕಡಿಮೆ ವಿರುದ್ಧ: ಮುಖ ಸ್ವಲ್ಪ ಕಪ್ಪಾದರೂ ನಡೆಯುತ್ತದೆ, ಎದೆ, ಹೊಟ್ಟೆ ಮತ್ತು ತೊಡೆಯ ಗೆರೆಗಳು ಎದ್ದು ಕಾಣಬೇಕು. ಆದ್ದರಿಂದ ನಾಟಕಕ್ಕೆ ಹೊಂದಿಸಿದ ದೀಪವನ್ನು ಹಾಗೆಯೇ ಬಳಸಿದರೆ ದೇಹ ಚಪ್ಪಟೆಯಾಗಿ ಕಾಣುವ ಸಾಧ್ಯತೆ ಹೆಚ್ಚು.

3.3. ತಾತ್ಕಾಲಿಕ ವೇದಿಕೆಯಲ್ಲಿ ದೀಪಗಳನ್ನು ಕಟ್ಟುವ ಟ್ರಸ್ ಚೌಕಟ್ಟು ಸಾಮಾನ್ಯವಾಗಿ ವೇದಿಕೆಯ ಮುಂಚೂಣಿಯ ನೇರಕ್ಕೇ ನಿಲ್ಲುತ್ತದೆ. ಪ್ರೇಕ್ಷಕರ ತಲೆಯ ಮೇಲೆ ದೀಪ ಕಟ್ಟಲು ಆಧಾರವಿರುವುದಿಲ್ಲ. ಹೀಗಾಗಿ ಬೆಳಕು ಹೆಚ್ಚು ಕಡಿದಾಗಿ ಬೀಳುತ್ತದೆ. ಕಡಿಮೆ ಸೌಕರ್ಯದ ವೇದಿಕೆಯಲ್ಲಿ ಕಟ್ಸ್ ಹೆಚ್ಚು ಕಾಣುವುದು ಇದರಿಂದ ಸಾಧ್ಯವಾಗುತ್ತದೆ. ಎಷ್ಟು ಹೆಚ್ಚು ಎಂಬುದು ಮುಂದಿನ ಲೆಕ್ಕ.

4. ದೀಪದ ಕೋನ: ಒಂದು ಮಾದರಿ ಲೆಕ್ಕ

4.1. ವೇದಿಕೆಯ ನೆಲದಿಂದ 5 ಮೀಟರ್ ಎತ್ತರದಲ್ಲಿ ಒಂದು ದೀಪ, ಸ್ಪರ್ಧಿಯ ಎದೆಯ ಕೆಳ ಅಂಚು 1.3 ಮೀಟರ್ ಎತ್ತರದಲ್ಲಿ ಎಂದು ಇಟ್ಟುಕೊಳ್ಳೋಣ. ಲಂಬ ಅಂತರ 3.7 ಮೀಟರ್. ದೀಪವನ್ನು ಬಿಂದು ಎಂದೂ ಹೊಟ್ಟೆಯ ಮೇಲ್ಮೈಯನ್ನು ನೇರ ಗೋಡೆಯೆಂದೂ ಭಾವಿಸಲಾಗಿದೆ. ಎದೆಯ ಸ್ನಾಯುವಿನ ಅಂಚು 1 ಸೆಂ.ಮೀ. ಮುಂಚಾಚಿದ್ದರೆ ಅದು ಕೆಳಗೆ ಚೆಲ್ಲುವ ನೆರಳಿನ ಉದ್ದ ದೀಪದ ಏರುಕೋನವನ್ನು ಅವಲಂಬಿಸುತ್ತದೆ. ಕಿಟಕಿಯ ಸಜ್ಜದ ನೆರಳು ಮಧ್ಯಾಹ್ನ ಗೋಡೆಯುದ್ದಕ್ಕೂ ಇಳಿದು, ಹೊತ್ತು ಇಳಿದಂತೆ ಮೇಲಕ್ಕೆ ಸರಿಯುವ ಹಾಗೆ.

4.2. ದೀಪ ಸ್ಪರ್ಧಿಗಿಂತ 1.5 ಮೀಟರ್ ಮುಂದಿದ್ದರೆ ಏರುಕೋನ ಸುಮಾರು 68 ಡಿಗ್ರಿ, ನೆರಳು ಸುಮಾರು 2.5 ಸೆಂ.ಮೀ. ಅದೇ ಎತ್ತರದಲ್ಲಿ 4 ಮೀಟರ್ ಮುಂದಿದ್ದರೆ ಏರುಕೋನ ಸುಮಾರು 43 ಡಿಗ್ರಿ, ನೆರಳು ಸುಮಾರು 0.9 ಸೆಂ.ಮೀ. ಸ್ನಾಯು ಅದೇ, ಮುಂಚಾಚು ಅದೇ. ನೆರಳು ಮಾತ್ರ 2.7 ಪಟ್ಟು ವ್ಯತ್ಯಾಸ.

4.3. ಈ ಎರಡು ಸ್ಥಿತಿಗಳಲ್ಲಿ ಹೊಟ್ಟೆಯ ಮೇಲೆ ಬೀಳುವ ಬೆಳಕಿನ ಪ್ರಮಾಣವನ್ನೂ ಲೆಕ್ಕ ಹಾಕಬೇಕು. ದೂರ ಹೆಚ್ಚಿದಷ್ಟೂ ಬೆಳಕು ವರ್ಗಾನುಪಾತದಲ್ಲಿ ಇಳಿಯುತ್ತದೆ. ಆದರೆ ದೀಪ ಮುಂದಕ್ಕೆ ಹೋದಷ್ಟೂ ಅದು ಮೈಗೆ ಹೆಚ್ಚು ನೇರವಾಗಿ ಬೀಳುತ್ತದೆ. ಇವೆರಡೂ ಒಂದನ್ನೊಂದು ಸರಿದೂಗಿಸುತ್ತವೆ. ದೀಪದ ತೀವ್ರತೆಯನ್ನು 1 ಎಂದಿಟ್ಟುಕೊಂಡರೆ 1.5 ಮೀಟರ್‌ನಲ್ಲಿ ಪ್ರಕಾಶ 0.0236, 4 ಮೀಟರ್‌ನಲ್ಲಿ 0.0247. ನಡುವಿನ ಗರಿಷ್ಠ ಬೆಲೆ ಸುಮಾರು 2.6 ಮೀಟರ್‌ನಲ್ಲಿ, 0.0281. ಅಂದರೆ ದೀಪವನ್ನು 1.5ರಿಂದ 4 ಮೀಟರ್‌ವರೆಗೆ ಎಲ್ಲಿ ಕಟ್ಟಿದರೂ ಎಕ್ಸ್‌ಪೋಷರ್ ಸುಮಾರು ಕಾಲು ಸ್ಟಾಪ್‌ಗಿಂತ ಹೆಚ್ಚು ಬದಲಾಗದು (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು ಅಥವಾ ಅರ್ಧ).

4.4. ಈ ಟಿಪ್ಪಣಿಯ ಮಟ್ಟಿಗೆ ಇದು ಮುಖ್ಯ ಫಲಿತಾಂಶ. ಬಹುತೇಕ ಕ್ಯಾಮೆರಾಗಳ ಹೊಂದಾಣಿಕೆ ಮೂರನೇ ಒಂದು ಸ್ಟಾಪ್ ಮೆಟ್ಟಿಲುಗಳಲ್ಲಿ ನಡೆಯುತ್ತದೆ. ಕಾಲು ಸ್ಟಾಪ್ ಆ ಮೆಟ್ಟಿಲಿನೊಳಗೇ ಅಡಗಿಹೋಗುತ್ತದೆ. ಎಂದರೆ ಎರಡು ಚಿತ್ರಗಳ ಶಟರ್, ಅಪರ್ಚರ್, ಐಎಸ್‌ಒ ಮೂರೂ ತಾಳೆಯಾದರೂ ನೆರಳಿನ ಉದ್ದದಲ್ಲಿ ಎರಡೂವರೆ ಪಟ್ಟಿಗಿಂತ ಹೆಚ್ಚು ಅಂತರವಿರಬಹುದು. ಎಕ್ಸ್‌ಪೋಷರ್ ಒಂದೇ ಆಗಿದ್ದರೆ ಬೆಳಕೂ ಒಂದೇ ಎಂಬ ಅನುಮಾನಕ್ಕೆ ಇಲ್ಲಿ ಆಧಾರ ಸಿಗುವುದಿಲ್ಲ.

4.5. ಲೆಕ್ಕದ ಮಿತಿಗಳು. ದೇಹ ನೇರ ಗೋಡೆಯಲ್ಲ. 1.5 ಮೀಟರ್ ಸ್ಥಿತಿಯಲ್ಲಿ ಸ್ಪರ್ಧಿ 10 ಡಿಗ್ರಿ ಹಿಂದಕ್ಕೆ ವಾಲಿದರೆ ನೆರಳು 2.5ರಿಂದ ಸುಮಾರು 1.6 ಸೆಂ.ಮೀ.ಗೆ ಇಳಿಯುತ್ತದೆ, 10 ಡಿಗ್ರಿ ಮುಂದಕ್ಕೆ ಬಾಗಿದರೆ ಸುಮಾರು 4.7 ಸೆಂ.ಮೀ.ಗೆ ಏರುತ್ತದೆ. ಏಳು ಕಡ್ಡಾಯ ಪೋಸ್‌ಗಳಲ್ಲಿ ಕೊನೆಯದಾದ ಹೊಟ್ಟೆ ಮತ್ತು ತೊಡೆಯ ಪೋಸ್‌ನಲ್ಲಿ ಇದನ್ನು ಹತ್ತಿರದಿಂದ ಗಮನಿಸಬಹುದು. ಸ್ಪರ್ಧಿ ಎರಡೂ ಕೈಗಳನ್ನು ತಲೆಯ ಹಿಂದೆ ಒಯ್ದು, ಒಂದು ಕಾಲನ್ನು ಮುಂದಿಟ್ಟು, ಉಸಿರು ಹೊರಹಾಕುತ್ತಾ ಪಕ್ಕೆಲುಬಿನ ಗೂಡನ್ನು ಕೆಳಕ್ಕೆ ಒತ್ತುತ್ತಾರೆ. ಆ ಒಂದು ಉಸಿರಿನಲ್ಲಿ ಹೊಟ್ಟೆಯ ಮೇಲ್ಭಾಗ ಕೆಲವು ಡಿಗ್ರಿ ಮುಂದಕ್ಕೆ ಬಾಗುತ್ತದೆ. ಅಡ್ಡ ಗೆರೆಗಳು ಒಮ್ಮೆಲೇ ಗಾಢವಾಗುತ್ತವೆ. ಇದರಲ್ಲಿ ಸಂಕೋಚನದ ಪಾಲೆಷ್ಟು, ಬಾಗಿನ ಪಾಲೆಷ್ಟು ಎಂದು ಒಂದೇ ಚಿತ್ರದಿಂದ ವಿಂಗಡಿಸಲಾಗದು.

4.6. ನೆಲದಿಂದ ಮೇಲಕ್ಕೆ ಚಿಮ್ಮುವ ಬೆಳಕು ನೆರಳಿನ ಉದ್ದವನ್ನಲ್ಲ, ಗಾಢತೆಯನ್ನು ಕಡಿಮೆ ಮಾಡುತ್ತದೆ. ಕಪ್ಪು ಹಾಸಿನ ಮೇಲೆ ನಿಂತ ದೇಹಕ್ಕೂ ತಿಳಿ ಬಣ್ಣದ ಹಾಸಿನ ಮೇಲೆ ನಿಂತ ದೇಹಕ್ಕೂ ಈ ಅಂಶದಲ್ಲಿ ವ್ಯತ್ಯಾಸ ನಿರೀಕ್ಷಿತ. ಕೆಂಪು ಕಾರ್ಪೆಟ್ ಇದ್ದರೆ ನೆರಳಿನೊಳಗೆ ಕೆಂಪು ಛಾಯೆಯೂ ಸೇರುತ್ತದೆ.

5. ಸಾಲಿನ ನಡು ಮತ್ತು ತುದಿ

5.1. ಅದೇ ಮಾದರಿಯಲ್ಲಿ ದೀಪ ಸಾಲಿನ ನಡುವಿಗೆ ನೇರವಾಗಿ, 2.5 ಮೀಟರ್ ಮುಂದಿದೆ ಎನ್ನೋಣ. ನಡುವಿನಿಂದ 4 ಮೀಟರ್ ಪಕ್ಕಕ್ಕೆ ನಿಂತ ಸ್ಪರ್ಧಿಗೆ ಬೀಳುವ ಬೆಳಕು ನಡುವಿನವರಿಗೆ ಬೀಳುವುದರ ಶೇ. 41ರಷ್ಟು, ಅಂದರೆ ಸುಮಾರು ಒಂದೂಕಾಲು ಸ್ಟಾಪ್ ಕಡಿಮೆ. ಟ್ರಸ್ ಉದ್ದಕ್ಕೂ ದೀಪಗಳನ್ನು ಹಂಚಿದ್ದರೆ ಈ ಅಂತರ ಕಿರಿದಾಗುತ್ತದೆ, ಆದರೆ ತುದಿಯವರಿಗೆ ಒಂದು ಕಡೆಯಿಂದ ಮಾತ್ರ ಹೆಚ್ಚು ಬೆಳಕು ಸಿಗುವುದು ತಪ್ಪುವುದಿಲ್ಲ.

5.2. ತೀರ್ಪುಗಾರರು ಹೋಲಿಕೆಗಾಗಿ ಸ್ಪರ್ಧಿಗಳನ್ನು ನಡುವಿಗೆ ಕರೆಯುವುದು, ಜಾಗ ಅದಲುಬದಲು ಮಾಡಿಸುವುದು ರೂಢಿ. ಇದಕ್ಕೆ ಬೇರೆ ಕಾರಣಗಳೂ ಇರಬಹುದಾದರೂ ಬೆಳಕಿನ ಅಸಮತೆಯನ್ನು ಸರಿದೂಗಿಸುವ ಫಲವಂತೂ ಅದಕ್ಕಿದೆ. ಅದಲುಬದಲಿನ ಮೊದಲು ಮತ್ತು ಅನಂತರದ ಎರಡೂ ಚಿತ್ರಗಳು ಉಳಿದಿದ್ದರೆ ಅವು ಒಂಟಿ ಚಿತ್ರಕ್ಕಿಂತ ಹೆಚ್ಚು ನಂಬಲರ್ಹವಾದ ಸಾಮಗ್ರಿ.

5.3. ಅನುಭವಿ ಸ್ಪರ್ಧಿಗಳು ಸಾಲಿನಲ್ಲಿ ಮೆಲ್ಲಗೆ ಒಂದು ಹೆಜ್ಜೆ ಮುಂದೆ ಸರಿಯುವುದುಂಟು. ದೀಪ ಮತ್ತು ದೇಹದ ಅಡ್ಡ ಅಂತರ 2.5 ಮೀಟರ್‌ನಿಂದ 1.5 ಮೀಟರ್‌ಗೆ ಇಳಿದರೆ 1 ಸೆಂ.ಮೀ. ಅಂಚಿನ ನೆರಳು ಸುಮಾರು 1.5 ಸೆಂ.ಮೀ.ಯಿಂದ 2.5 ಸೆಂ.ಮೀ.ಗೆ ಬೆಳೆಯುತ್ತದೆ. ಬೆಳಕು ಕಡಿಮೆಯಾಗುವುದು ಕಾಲು ಸ್ಟಾಪ್ ಮಾತ್ರ. ವೇದಿಕೆಯ ನೆಲದ ಮೇಲೆ ಟೇಪಿನ ಗೆರೆ ಅಂಟಿಸಿ ಅದರ ಮೇಲೆಯೇ ನಿಲ್ಲಿಸುವ ಪದ್ಧತಿ ಈ ದೃಷ್ಟಿಯಿಂದ ಕೇವಲ ಶಿಸ್ತಿನ ವಿಷಯವಲ್ಲ.

6. ಮಿನುಗು

6.1. ಭಾರತದ ವಿದ್ಯುತ್ ಆವರ್ತನ 50 ಹರ್ಟ್ಸ್. ಅದರಿಂದ ನೇರವಾಗಿ ಉರಿಯುವ ದೀಪದ ಬೆಳಕು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಒಂದು ಸುತ್ತಿಗೆ 10 ಮಿಲಿಸೆಕೆಂಡು. ದಪ್ಪ ತಂತಿಯ 1000 ವ್ಯಾಟ್ ಹ್ಯಾಲೊಜೆನ್ ದೀಪದಲ್ಲಿ ತಂತಿ ಅಷ್ಟು ಬೇಗ ತಣಿಯದ ಕಾರಣ ಏರಿಳಿತ ಅಲ್ಪ. ಹಳೆಯ ಬಗೆಯ ಚೋಕ್ ಇರುವ ಟ್ಯೂಬ್‌ಲೈಟು ಮತ್ತು ಮೆಟಲ್ ಹ್ಯಾಲೈಡ್ ದೀಪಗಳಲ್ಲಿ ಹೆಚ್ಚು. ಅಗ್ಗದ ಎಲ್‌ಇಡಿಗಳಲ್ಲಿ ಅವುಗಳ ಚಾಲಕ ಸರ್ಕ್ಯೂಟಿನ ಗುಣಮಟ್ಟದ ಮೇಲೆ ಅವಲಂಬಿತ.

6.2. ಏರಿಳಿತ ಸರಾಸರಿಯ ಶೇ. 50ರಷ್ಟು ಮೇಲೆ ಕೆಳಗೆ, ಸೈನ್ ಅಲೆಯ ರೂಪದಲ್ಲಿ ಇದೆ ಎಂದು ಭಾವಿಸಿದರೆ ಫಲಿತಾಂಶ ಹೀಗೆ. 1/250 ಸೆಕೆಂಡಿನಲ್ಲಿ ತೆಗೆದ ಎರಡು ಚಿತ್ರಗಳ ನಡುವೆ ಗರಿಷ್ಠ ವ್ಯತ್ಯಾಸ ಸುಮಾರು 1.1 ಸ್ಟಾಪ್. 1/125ರಲ್ಲಿ ಸುಮಾರು ಮೂರನೇ ಒಂದು ಸ್ಟಾಪ್. 1/100ರಲ್ಲಿ ಒಂದು ಪೂರ್ಣ ಸುತ್ತು ಅಡಕವಾಗುವುದರಿಂದ ವ್ಯತ್ಯಾಸ ತತ್ವತಃ ಶೂನ್ಯ. ಒಂದೇ ಉಸಿರಿಗೆ ತೆಗೆದ ಚಿತ್ರಸರಣಿಯಲ್ಲಿ ಒಂದು ಬೆಳ್ಳಗೆ, ಮುಂದಿನದು ಮಂಕು, ಅದರ ಮುಂದಿನದು ಹಳದಿಗೆ ತಿರುಗಿ ಬರುವುದಕ್ಕೆ ಬಹುಪಾಲು ಇದೇ ಕಾರಣ. ಸ್ಪರ್ಧಿಯ ಪೋಸ್ ಕದಲಿರುವುದಿಲ್ಲ, ಛಾಯಾಗ್ರಾಹಕನೂ ಏನನ್ನೂ ಬದಲಿಸಿರುವುದಿಲ್ಲ.

6.3. ಹಾಗೆಂದು 1/100 ಸದಾ ಸರಿ ಎನ್ನಲಾಗದು. ಪೂರ್ಣ ಬಿಗಿತದಲ್ಲಿ ಸ್ನಾಯು ಸಣ್ಣಗೆ ನಡುಗುತ್ತದೆ. ಸಂಗೀತಕ್ಕೆ ತಕ್ಕ ಪೋಸಿಂಗ್‌ನಲ್ಲಿ ಕೈಕಾಲು ವೇಗವಾಗಿ ಚಲಿಸುತ್ತವೆ. ಹಿಡಿದು ನಿಲ್ಲುವ ಕಡ್ಡಾಯ ಪೋಸ್‌ಗಳಿಗೆ 1/100, ಚಲನೆಗೆ 1/250 ಅಥವಾ ಹೆಚ್ಚು ಎಂಬ ವಿಭಜನೆ ತಕ್ಕಮಟ್ಟಿಗೆ ಒಪ್ಪಬಹುದಾದದ್ದು. ಮಿನುಗಿನ ಶಿಖರಕ್ಕೆ ಶಟರನ್ನು ಹೊಂದಿಸುವ ಸೌಲಭ್ಯ 2014ರ ಕ್ಯಾನನ್ ಇಒಎಸ್ 7ಡಿ ಮಾರ್ಕ್ 2ರಲ್ಲಿ ಬಂದು, ಈಚೆಗೆ ಇತರ ಕ್ಯಾಮೆರಾಗಳಿಗೂ ಹರಡಿದೆ. ಅದು 100 ಮತ್ತು 120 ಹರ್ಟ್ಸ್ ಮಿನುಗನ್ನು ಗುರುತಿಸಲು ರೂಪಿಸಿದ್ದು. ಜನರೇಟರಿನ ಆವರ್ತನ ಜಾರಿದಾಗ, ಅಥವಾ ಡಿಮ್ ಮಾಡಿದ ಎಲ್‌ಇಡಿ ನೂರಾರು, ಸಾವಿರಾರು ಹರ್ಟ್ಸ್‌ನಲ್ಲಿ ಮಿನುಗುವಾಗ ಅದರ ಮೇಲೆ ಪೂರ್ತಿ ಭರವಸೆ ಇಡುವಂತಿಲ್ಲ.

6.4. ಡಿಮ್ ಮಾಡಿದ ಎಲ್‌ಇಡಿ ಮತ್ತು ಹಿನ್ನೆಲೆಯ ಎಲ್‌ಇಡಿ ಪರದೆಯಿಂದ ಚಿತ್ರದಲ್ಲಿ ಪಟ್ಟೆಗಳು ಮೂಡುತ್ತವೆ, ವಿಶೇಷವಾಗಿ ಎಲೆಕ್ಟ್ರಾನಿಕ್ ಶಟರಿನಲ್ಲಿ. ಇಲ್ಲಿ ಕ್ಯಾಮೆರಾ ಹಿಡಿದ ದಿಕ್ಕೂ ಮುಖ್ಯ. ಅಡ್ಡಲಾಗಿ ಹಿಡಿದರೆ ಪಟ್ಟೆಗಳು ಅಡ್ಡ ಬರುತ್ತವೆ. ಸಾಲಿನ ಎಲ್ಲರ ಎದೆಗೂ ಒಂದೇ ಪಟ್ಟೆ. ಉದ್ದಕ್ಕೆ ಹಿಡಿದರೆ ಪಟ್ಟೆಗಳೂ ಉದ್ದಕ್ಕೆ. ಅಕ್ಕಪಕ್ಕದ ಇಬ್ಬರಲ್ಲಿ ಒಬ್ಬರು ಬೆಳಕಿನ ಪಟ್ಟೆಯಲ್ಲಿ, ಇನ್ನೊಬ್ಬರು ಕತ್ತಲ ಪಟ್ಟೆಯಲ್ಲಿ ನಿಲ್ಲಬಹುದು. ಇಬ್ಬರನ್ನು ಹೋಲಿಸುವ ಉದ್ದೇಶವಿದ್ದರೆ ಅಡ್ಡ ಚೌಕಟ್ಟೇ ಮೇಲು.

7. ಬಣ್ಣ, ಎಣ್ಣೆ ಮತ್ತು ಮಾಪನ

7.1. ಸ್ಪರ್ಧಿಗಳು 'ಕಲರ್' ಎಂದು ಕರೆಯುವ ಕಂದು ಲೇಪ ಚರ್ಮದ ಪ್ರತಿಫಲನವನ್ನು ತಗ್ಗಿಸುತ್ತದೆ. ಅದರ ಮೇಲಿನ ಎಣ್ಣೆ ಉಬ್ಬುಗಳ ತುದಿಯಲ್ಲಿ ಹೊಳಪು ತರುತ್ತದೆ. ಕ್ಯಾಮೆರಾದ ಮಾಪಕ ದೃಶ್ಯವನ್ನು ನಡುಬೂದು ಎಂದು ಭಾವಿಸಿ ಲೆಕ್ಕ ಹಾಕುತ್ತದೆ. ಕಪ್ಪು ಪರದೆಯ ಮುಂದೆ ಕಡುಕಂದು ದೇಹವಿದ್ದರೆ ಅದು ಬೆಳಕು ಸಾಲದೆಂದು ತಿಳಿದು ಚಿತ್ರವನ್ನು ಬೆಳ್ಳಗಾಗಿಸುತ್ತದೆ. ಹೊಳಪು ಒಡೆದು ಬಿಳಿ ಮಚ್ಚೆಯಾಗುತ್ತದೆ. ಹಿನ್ನೆಲೆಯಲ್ಲಿ ಉರಿಯುವ ಎಲ್‌ಇಡಿ ಪರದೆಯಿದ್ದರೆ ತಪ್ಪು ವಿರುದ್ಧ ದಿಕ್ಕಿನದು. ಸ್ಪರ್ಧೆ ಆರಂಭವಾಗುವ ಮುನ್ನ ಸಾಲಿನ ನಡುವಿನಲ್ಲಿ ಎದೆಯ ಎತ್ತರದಲ್ಲಿ ಬೀಳುವ ಬೆಳಕನ್ನೇ ಅಳೆದು, ಹೊಂದಾಣಿಕೆಯನ್ನು ಕೈಯಿಂದ ಸ್ಥಿರಗೊಳಿಸುವುದು ಈ ಎರಡೂ ದೋಷಗಳಿಂದ ಪಾರಾಗುವ ದಾರಿ.

7.2. ಹೀಗೆ ಸ್ಥಿರಗೊಳಿಸಿದ ಹೊಂದಾಣಿಕೆಗೆ ಇನ್ನೊಂದು ಲಾಭವಿದೆ: ಅದರಿಂದ ವೇದಿಕೆಯ ಬೆಳಕನ್ನು ಹಿಂದಕ್ಕೆ ಲೆಕ್ಕ ಹಾಕಬಹುದು. 1/250 ಸೆಕೆಂಡು, ಎಫ್/2.8, ಐಎಸ್‌ಒ 1600 ಸರಿಯಾದ ಎಕ್ಸ್‌ಪೋಷರ್ ಆಗಿದ್ದರೆ, ಮಾಪಕದ ಸ್ಥಿರಾಂಕ 250 ಎಂದಿಟ್ಟುಕೊಂಡು, ಬೆಳಕು ಸುಮಾರು 300 ಲಕ್ಸ್. ಅದೇ ಬೆಳಕಿಗೆ 1/100ರಲ್ಲಿ ಐಎಸ್‌ಒ 640 ಸಾಕು. ಲೆಕ್ಕದಿಂದ ಬರುವುದು ಪ್ರಮಾಣ ಮಾತ್ರ, ದಿಕ್ಕು ಬರುವುದಿಲ್ಲ.

7.3. ಹ್ಯಾಲೊಜೆನ್ ರಂಗದೀಪದ ವರ್ಣತಾಪ ಸುಮಾರು 3200 ಕೆಲ್ವಿನ್. ಹಗಲು ಬಣ್ಣದ ಎಲ್‌ಇಡಿಯದು ಸುಮಾರು 5600. ಎರಡೂ ಬೆರೆತ ವೇದಿಕೆಯಲ್ಲಿ ಒಂದೇ ದೇಹದ ಒಂದು ಪಕ್ಕ ಕಿತ್ತಳೆಗೆ, ಇನ್ನೊಂದು ನೀಲಿಗೆ ವಾಲುತ್ತದೆ. ಕೆಂಪು, ಹಸಿರು, ನೀಲಿ ಎಲ್‌ಇಡಿಗಳನ್ನು ಬೆರೆಸಿದ ಬೆಳಕಿನಲ್ಲಿ ಕೆಂಪು ವಾಹಿನಿ ಬೇಗ ತುಂಬಿಹೋಗುತ್ತದೆ. ಆಗ ಕಂದು ಚರ್ಮದ ಸೂಕ್ಷ್ಮ ವಿವರ ಅಳಿಸಿ ದೇಹ ಮೇಣದಂತೆ ನುಣುಪಾಗಿ ಕಾಣುತ್ತದೆ. ದೀಪದ ಪೆಟ್ಟಿಗೆಯ ಮೇಲಿನ ಸಾಮಾನ್ಯ ವರ್ಣನಿಷ್ಠೆಯ ಅಂಕ ಎಂಟು ತಿಳಿ ಬಣ್ಣಗಳ ಸರಾಸರಿ. ಗಾಢ ಕೆಂಪನ್ನು ಅಳೆಯುವ ಒಂಬತ್ತನೆಯ ಮಾದರಿ ಅದರಲ್ಲಿ ಸೇರಿಲ್ಲ. ಕಂದು ಚರ್ಮಕ್ಕೆ ಮುಖ್ಯವಾದದ್ದು ಬಹುಶಃ ಅದೇ.

8. ಕ್ಯಾಮೆರಾದ ಸ್ಥಾನ ಮತ್ತು ಫ್ಲ್ಯಾಶ್

8.1. ವೇದಿಕೆ 1.2 ಮೀಟರ್ ಎತ್ತರವಿದ್ದು ಛಾಯಾಗ್ರಾಹಕ ನೆಲದ ಮೇಲೆ ನಿಂತು 1.5 ಮೀಟರ್ ಎತ್ತರದಿಂದ ತೆಗೆದರೆ, ಲೆನ್ಸ್ ಸ್ಪರ್ಧಿಯ ಮೊಣಕಾಲಿಗಿಂತಲೂ ಕೆಳಗಿರುತ್ತದೆ. 4 ಮೀಟರ್ ದೂರದಿಂದ ಎದೆಯ ಅಂಚನ್ನು ನೋಡುವ ಕೋನ ಸುಮಾರು 14 ಡಿಗ್ರಿ ಮೇಲ್ಮುಖ. ಈ ಕೋನದಿಂದ ಅಂಚಿನ ಅಡಿಭಾಗ, ಅಂದರೆ ನೆರಳಿನ ಬುಡ, ಹೆಚ್ಚು ಕಾಣುತ್ತದೆ. ತೊಡೆ ದೊಡ್ಡದಾಗಿಯೂ ಭುಜ ಕಿರಿದಾಗಿಯೂ ಕಾಣುತ್ತದೆ. ಹಿಂದೆ ಸರಿದು 70–200 ಮಿ.ಮೀ. ಲೆನ್ಸ್ ಬಳಸಿದರೆ ಈ ವಿರೂಪ ಇಳಿಯುತ್ತದೆ. ವೇದಿಕೆಗೆ ಒತ್ತಿಕೊಂಡು ಮೊಬೈಲಿನಲ್ಲಿ ತೆಗೆದ ಚಿತ್ರಗಳಲ್ಲಿ ಇದು ಅತಿ ಹೆಚ್ಚು.

8.2. ಕ್ಯಾಮೆರಾದ ಮೇಲೆಯೇ ಕೂರಿಸಿದ ಫ್ಲ್ಯಾಶ್ ಬೆಳಕು ಲೆನ್ಸಿನ ದಿಕ್ಕಿನಿಂದಲೇ ಹೋಗುವುದರಿಂದ ನೆರಳು ಅಂಚಿನ ಹಿಂದೆ ಅಡಗುತ್ತದೆ. ಮೇಲಿನ ದೀಪ ಬರೆದ ಗೆರೆಗಳನ್ನು ಅದು ತುಂಬಿಬಿಡುತ್ತದೆ. ಅಕ್ಕಪಕ್ಕದ ಇನ್ನೊಬ್ಬ ಛಾಯಾಗ್ರಾಹಕನ ಫ್ಲ್ಯಾಶ್ ಅದೇ ಕ್ಷಣಕ್ಕೆ ಮಿಂಚಿದರೂ ಫಲ ಬಹುತೇಕ ಅದೇ. ಆದರೆ ಈ ಚಿತ್ರ ತೆಗೆದ ಕ್ಯಾಮೆರಾದ ಮಾಹಿತಿಯಲ್ಲಿ 'ಫ್ಲ್ಯಾಶ್ ಬಳಸಿಲ್ಲ' ಎಂದೇ ದಾಖಲಾಗುತ್ತದೆ.

9. ದಿನಾಂಕ ಮತ್ತು ಅಡಿಬರಹ

9.1. ಡಿಜಿಟಲ್ ಚಿತ್ರದೊಳಗಿನ ಎಕ್ಸಿಫ್ ದಾಖಲೆ ಸಮಯ, ಶಟರ್, ಅಪರ್ಚರ್, ಐಎಸ್‌ಒ, ನಾಭಿದೂರಗಳನ್ನು ಕೊಡುತ್ತದೆ. ದೀಪದ ಎತ್ತರ, ದೂರಗಳಿಗೆ ಅದರಲ್ಲಿ ಮನೆಯೇ ಇಲ್ಲ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದಾಗ ಇರುವ ಮಾಹಿತಿಯೂ ಕಳಚಿಹೋಗುತ್ತದೆ. ಸ್ಪರ್ಧಿಗಳ ಕೈಯಲ್ಲಿ ಉಳಿಯುವುದು ಹೆಚ್ಚಾಗಿ ಇಂಥ ಪ್ರತಿಗಳೇ.

9.2. ಸಂಜೆ ಆರಂಭವಾಗಿ ನಡುರಾತ್ರಿ ದಾಟುವ ಸ್ಪರ್ಧೆಯಲ್ಲಿ ಕರಪತ್ರದ ದಿನಾಂಕಕ್ಕೂ ಅಂತಿಮ ಸುತ್ತಿನ ಚಿತ್ರದ ದಿನಾಂಕಕ್ಕೂ ಒಂದು ದಿನದ ಅಂತರ ಬರುತ್ತದೆ. ಇದು ದೋಷವಲ್ಲ, ಎರಡನ್ನೂ ದಾಖಲಿಸುವುದು ಒಳ್ಳೆಯದು. ಎರಡು ಕ್ಯಾಮೆರಾಗಳ ಗಡಿಯಾರ ಹೊಂದದಿದ್ದರೆ ಬಹುಮಾನ ವಿತರಣೆಯ ಒಂದೇ ಕ್ಷಣವನ್ನು ಎರಡೂ ಕ್ಯಾಮೆರಾಗಳಲ್ಲಿ ಹುಡುಕಿ ವ್ಯತ್ಯಾಸ ಕಂಡುಕೊಳ್ಳಬಹುದು.

9.3. ಬಿರುದಿನ ಅಡಿಬರಹದಲ್ಲಿ ವಿಭಾಗದ ಉಲ್ಲೇಖ ಅಗತ್ಯ. ಮನೋತೋಷ್ ರಾಯ್ 1951ರಲ್ಲಿ, ಮನೋಹರ್ ಐಚ್ 1952ರಲ್ಲಿ 'ಮಿಸ್ಟರ್ ಯೂನಿವರ್ಸ್' ಸ್ಪರ್ಧೆಯಲ್ಲಿ ತಮ್ಮ ತಮ್ಮ ವಿಭಾಗಗಳಲ್ಲಿ ಗೆದ್ದವರು. ಜನಪ್ರಿಯ ಬರಹಗಳಲ್ಲಿ ವಿಭಾಗ ಬಿಟ್ಟುಹೋಗಿ ಬಿರುದಷ್ಟೇ ಉಳಿದಿದೆ. ಇದರಿಂದ ಅವರ ಸಾಧನೆ ಕುಗ್ಗುವುದಿಲ್ಲ, ಆದರೆ ಯಾರನ್ನು ಯಾರೊಡನೆ ಹೋಲಿಸಬಹುದು ಎಂಬುದು ಬದಲಾಗುತ್ತದೆ. ಬಡಾವಣೆಯ ಸ್ಪರ್ಧೆಯಲ್ಲೂ ತೂಕದ ವಿಭಾಗ ಬರೆಯದ ಚಿತ್ರಕ್ಕೆ ಇದೇ ಮಾತು ಅನ್ವಯ.

10. ಸೂಚಿಸಬಹುದಾದ ಕನಿಷ್ಠ ದಾಖಲೆ

ಪ್ರತಿ ಚಿತ್ರಕ್ಕಲ್ಲ, ಪ್ರತಿ ಸ್ಪರ್ಧೆಗೆ ಒಂದು ಹಾಳೆ ಸಾಕು.

(ಅ) ದೀಪಗಳ ಬಗೆ ಮತ್ತು ಸಂಖ್ಯೆ. ಡಿಮ್ ಮಾಡಿದ್ದರೆ ಅದರ ಉಲ್ಲೇಖ.
(ಆ) ಮುಖ್ಯ ದೀಪಸಾಲು ವೇದಿಕೆಯ ನೆಲದಿಂದ ಎಷ್ಟು ಎತ್ತರ, ಸ್ಪರ್ಧಿಗಳ ಗೆರೆಯಿಂದ ಎಷ್ಟು ಮುಂದೆ. ಎದೆಯ ಎತ್ತರವನ್ನು ಅಂದಾಜಿಸಿಕೊಂಡರೆ ಈ ಎರಡೇ ಅಂಕಿಗಳಿಂದ ಏರುಕೋನ ಸಿಗುತ್ತದೆ.
(ಇ) ಸಾಲಿನ ನಡು ಮತ್ತು ಎರಡು ತುದಿಗಳಲ್ಲಿ ಎದೆಯ ಎತ್ತರದ ಬೆಳಕಿನ ಅಳತೆ.
(ಈ) ನೆಲಹಾಸು ಮತ್ತು ಹಿನ್ನೆಲೆಯ ಬಣ್ಣ.
(ಉ) ಕ್ಯಾಮೆರಾದ ಎತ್ತರ ಮತ್ತು ದೂರ. ಫ್ಲ್ಯಾಶ್ ಬಳಸಿದವರು ಇದ್ದರೋ ಇಲ್ಲವೋ.
(ಊ) ಬೂದು ಫಲಕವನ್ನು ಗೆರೆಯ ಮೇಲೆ ಹಿಡಿದು ತೆಗೆದ ಒಂದು ಚಿತ್ರ.

ಇವುಗಳಲ್ಲಿ ಒಂದನ್ನೇ ಬರೆದಿಡಲು ಸಾಧ್ಯವೆಂದಾದರೆ (ಆ) ಅನ್ನು ಆಯ್ದುಕೊಳ್ಳುವುದು ಸೂಕ್ತ. ಉಳಿದವುಗಳಲ್ಲಿ ಕೆಲವನ್ನು ಚಿತ್ರದಿಂದಲೇ ಅಂದಾಜಿಸಬಹುದು. ದೀಪದ ಕೋನವನ್ನು, ಕಂಡಿಕೆ 4.4ರಲ್ಲಿ ತೋರಿಸಿದಂತೆ, ಎಕ್ಸ್‌ಪೋಷರ್‌ನಿಂದ ಮರಳಿ ಪಡೆಯಲಾಗದು.

11. ಫಲಿತಾಂಶ ಮತ್ತು ಮಿತಿ

ಬೆಳಕಿನ ದಾಖಲೆ ಇಲ್ಲದ ಚಿತ್ರಗಳನ್ನು ಕೈಬಿಡಬೇಕೆಂದು ಇಲ್ಲಿ ಹೇಳುತ್ತಿಲ್ಲ. ಅವುಗಳಿಂದ ಯಾವ ಹೋಲಿಕೆ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ಬೇರ್ಪಡಿಸಬಹುದು. ಒಂದೇ ಚೌಕಟ್ಟಿನಲ್ಲಿ, ಸಾಲಿನ ನಡುಭಾಗದಲ್ಲಿ, ಒಂದೇ ಗೆರೆಯ ಮೇಲೆ, ಒಂದೇ ಪೋಸ್‌ನಲ್ಲಿ ಇರುವ ಇಬ್ಬರ ಹೋಲಿಕೆ ಅತ್ಯಂತ ಬಲವಾದದ್ದು: ಕ್ಷಣ ಒಂದೇ, ಮಿನುಗು ಒಂದೇ, ಬಣ್ಣ ಮತ್ತು ಕೋನ ಬಹುಮಟ್ಟಿಗೆ ಒಂದೇ. ಅದೇ ಸ್ಪರ್ಧೆಯ ಎರಡು ಚಿತ್ರಗಳ ಹೋಲಿಕೆ ಅದರ ನಂತರದ್ದು. ಬೇರೆ ಬೇರೆ ವೇದಿಕೆಗಳ ಹೋಲಿಕೆ, ದೀಪದ ಕೋನ ತಿಳಿಯದಿದ್ದಲ್ಲಿ, ಸ್ನಾಯುವಿನ ಬಗ್ಗೆ ಹೇಳುವಷ್ಟೇ ಅಥವಾ ಅದಕ್ಕಿಂತ ಹೆಚ್ಚಾಗಿ ದೀಪದ ಬಗ್ಗೆ ಹೇಳುತ್ತಿರಬಹುದು.

ಲೆಕ್ಕಗಳು ಒಂದೇ ಬಿಂದುದೀಪದವು. ಅನೇಕ ದೀಪಗಳಿರುವ ನಿಜವಾದ ವೇದಿಕೆಯಲ್ಲಿ ನೆರಳುಗಳು ಒಂದರ ಮೇಲೊಂದು ಬಿದ್ದು ಅಂಚು ಮಸುಕಾಗುತ್ತದೆ. ಅಂಕಿಗಳು ಬದಲಾಗುತ್ತವೆ, ದೀಪಗಳೆಲ್ಲ ಒಂದೇ ಟ್ರಸ್‌ನಲ್ಲಿರುವವರೆಗೆ ವಾದದ ದಿಕ್ಕು ಬದಲಾಗದೆಂದು ತೋರುತ್ತದೆ. ಜಿಮ್‌ನಲ್ಲಿ ವರ್ಷಗಟ್ಟಲೆ ದುಡಿದು, ಆಹಾರಕ್ಕೆ ಲೆಕ್ಕವಿಟ್ಟು ವೇದಿಕೆ ಹತ್ತುವವರ ಶ್ರಮಕ್ಕೆ ಛಾಯಾಚಿತ್ರವೊಂದೇ ಎಷ್ಟೋ ಸಲ ಉಳಿಯುವ ದಾಖಲೆ. ಟ್ರಸ್‌ನ ಎತ್ತರ ಮತ್ತು ದೂರ ಎಂಬ ಎರಡು ಅಂಕಿಗಳನ್ನು ಅದರ ಜೊತೆ ಬರೆದಿಡಲು ಬೇಕಾದದ್ದು ಒಂದು ಅಳತೆ ಟೇಪು. ಆಯೋಜಕರು, ದೀಪ ಬಾಡಿಗೆಗೆ ಕೊಡುವವರು ಮತ್ತು ಛಾಯಾಗ್ರಾಹಕರಲ್ಲಿ ಯಾರಾದರೊಬ್ಬರು ಅದನ್ನು ಸ್ಪರ್ಧೆಗೆ ಮುನ್ನ ಮಾಡಿಟ್ಟರೆ, ಮುಂದಿನ ಅಧ್ಯಯನಗಳಿಗೆ ಅಂದಾಜಿನ ಬದಲು ಅಳತೆ ಸಿಗುತ್ತದೆ.